ಪ್ರಮಾಣಪತ್ರವೂ ಕೆಲಸವೂ

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ, ಎರಡು ಗುಡ್ಡಗಳ ನಡುವಣ ಇಕ್ಕಟ್ಟಾದ ಸ್ಥಳದಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿರುವ ವಾಣೀವಿಲಾಸ ಸಾಗರವನ್ನು ನೋಡದ ವಿದ್ಯಾರ್ಥಿಗಳು ಚಿತ್ರದುರ್ಗ ಜಿಲ್ಲೆಯಲ್ಲಿ ವಿರಳ. 1907ರಲ್ಲಿ ಪೂರ್ಣಗೊಂಡ ಈ ಕಟ್ಟೆಯು ಸುಮಾರು 30 ಟಿ.ಎಂ.ಸಿ., ಎಂದರೆ ಮೂರು ಸಾವಿರ ಕೋಟಿ ಘನ ಅಡಿ ನೀರನ್ನು ಹಿಡಿಯಬಲ್ಲದು. ನೀರು 130 ಅಡಿಯ ಮಟ್ಟವನ್ನು ಮುಟ್ಟಿದರೆ ಕೋಡಿ ಬೀಳುತ್ತದೆ. 1933ರಲ್ಲಿ ಕೋಡಿ ಬಿದ್ದ ಕಟ್ಟೆ ಮತ್ತೆ ಕೋಡಿ ಬಿದ್ದುದು 89 ವರ್ಷಗಳ ಅನಂತರ, 2022ರಲ್ಲಿ. 2025ರ ಜನವರಿಯಲ್ಲಿ ಪುನಃ ಬಿದ್ದಿತು. ಮಳೆಗಾಲ ಬಂದರೆ "ಇಂದು ಎಷ್ಟು ಅಡಿ?" ಎಂಬುದು ಸುತ್ತಲಿನ ಊರುಗಳ ನಿತ್ಯದ ಪ್ರಶ್ನೆ.

ಅಳತೆಗೋಲು ತೋರಿಸುವ ಈ ಅಂಕಿಯು ನಿಜವಾದುದು, ಉಪಯುಕ್ತವಾದುದು. ಆದರೆ ಅದು ಹೇಳುವುದು ಒಂದೇ ಸಂಗತಿಯನ್ನು: ಕಟ್ಟೆಯಲ್ಲಿ ನೀರು ಎಷ್ಟು ಎತ್ತರಕ್ಕೆ ನಿಂತಿದೆ ಎಂಬುದನ್ನು. ತೂಬು ತೆರೆದಿದೆಯೆ, ನಾಲೆಯ ಹೂಳು ತೆಗೆದಿದೆಯೆ, ಕೊನೆಯ ತೋಟದ ತೆಂಗಿನ ಬುಡಕ್ಕೆ ನೀರು ಮುಟ್ಟಿತೆ ಎಂಬ ಪ್ರಶ್ನೆಗಳಿಗೆ ಆ ಕೋಲಿನಲ್ಲಿ ಉತ್ತರವಿಲ್ಲ.

ನಮ್ಮ ಕಾಲೇಜುಗಳ ಪಡಸಾಲೆಗಳಲ್ಲಿ ಇನ್ನೊಂದು ಪ್ರಶ್ನೆಯೂ ನಿತ್ಯ ಕೇಳಿಬರುತ್ತದೆ: "ಯಾವ ಸರ್ಟಿಫಿಕೇಟ್ ಮಾಡಿದರೆ ಐ.ಟಿ. ಕೆಲಸ ಸಿಗುತ್ತದೆ, ಸಾರ್?" ಈ ಪ್ರಶ್ನೆಯ ಹಿಂದೆ ಬಹಳಷ್ಟು ಹಣವಿದೆ. ಒಂದು ವರ್ಷದ ಅಡಿಕೆಯ ಹುಟ್ಟುವಳಿಯನ್ನೋ, ಕೈಸಾಲವನ್ನೋ ನೆಚ್ಚಿ ಮಗನನ್ನು ಅಥವಾ ಮಗಳನ್ನು ಬೆಂಗಳೂರಿನ ತರಬೇತಿ ಕೇಂದ್ರಕ್ಕೆ ಕಳುಹಿಸುವ ತಂದೆತಾಯಿಗಳು ನಮ್ಮ ಸೀಮೆಯಲ್ಲಿ ಅನೇಕರಿದ್ದಾರೆ. ಆದುದರಿಂದ ಪ್ರಮಾಣಪತ್ರವೆಂಬುದು ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ, ಅದು ಅಳೆಯದೆ ಬಿಟ್ಟ ಭಾಗವನ್ನು ತುಂಬಲು ಬೇರೆ ಯಾವ ಮಾರ್ಗವಿದೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಕೆಲಸವೆಂದರೇನು?

ಭೌತವಿಜ್ಞಾನದಲ್ಲಿ ಕೆಲಸ ಎಂಬ ಪದಕ್ಕೆ ಖಚಿತವಾದ ಅರ್ಥವಿದೆ. ಬಲವೊಂದು ವಸ್ತುವನ್ನು ಬಲದ ದಿಕ್ಕಿನಲ್ಲಿ ಸ್ವಲ್ಪ ದೂರ ಸರಿಸಿದರೆ ಮಾತ್ರ ಕೆಲಸ ನಡೆಯಿತೆಂದು ಹೇಳುತ್ತೇವೆ. ಹತ್ತು ಮೀಟರ್ ಎತ್ತರದಲ್ಲಿ ನಿಂತ ಒಂದು ಘನ ಮೀಟರ್ ನೀರಿನಲ್ಲಿ ಸುಮಾರು 98,000 ಜೌಲ್‌ಗಳಷ್ಟು ಶಕ್ತಿ ಅಡಗಿರುತ್ತದೆ. ಇದನ್ನು ಪ್ರಚ್ಛನ್ನ ಶಕ್ತಿ ಎನ್ನುತ್ತಾರೆ. ಆದರೆ ಆ ನೀರು ನಿಂತಲ್ಲೇ ನಿಂತಿರುವವರೆಗೆ ಅದು ಮಾಡಿದ ಕೆಲಸ ಸೊನ್ನೆ. ಅದು ಹರಿದು ಒಂದು ಚಕ್ರವನ್ನು ತಿರುಗಿಸಿದಾಗಲೇ ಶಕ್ತಿಯು ಕೆಲಸವಾಗಿ ಮಾರ್ಪಡುತ್ತದೆ.

ಓದಿನಿಂದ ಬಂದ ತಿಳಿವಳಿಕೆಯೂ ಹೀಗೆಯೇ ಸಂಗ್ರಹಗೊಂಡ ಶಕ್ತಿ. ಸಂಬಳ ಕೊಡುವವನು ಅದನ್ನು ತುಚ್ಛವಾಗಿ ಕಾಣುವುದಿಲ್ಲ. ಆದರೆ ಅದು ಕೆಲಸವಾಗಿ ಮಾರ್ಪಡುವುದೋ ಇಲ್ಲವೋ ಎಂಬುದನ್ನು ತಿಳಿಯಬಯಸುತ್ತಾನೆ. ಹೊಸಬರಿಗೆ ದೊರೆಯುವ ಐ.ಟಿ. ಉದ್ಯೋಗಗಳು ಸಾಮಾನ್ಯವಾಗಿ ನಾಲ್ಕು ಬಗೆಯವು. ಕಚೇರಿಯವರ ಗಣಕಯಂತ್ರ ಕೆಟ್ಟಾಗ ದೂರು ಕೇಳಿ ಸರಿಪಡಿಸುವ ಸಹಾಯಕೇಂದ್ರದ ಕೆಲಸ ಒಂದು. ಗಣಕಗಳನ್ನು ಜೋಡಿಸುವ ಜಾಲವನ್ನು ನೋಡಿಕೊಳ್ಳುವುದು ಎರಡನೆಯದು. ಇತರರು ಬರೆದ ತಂತ್ರಾಂಶವನ್ನು ಪರೀಕ್ಷಿಸಿ ತಪ್ಪು ಹುಡುಕುವುದು ಮೂರನೆಯದು. ಪ್ರೋಗ್ರಾಮುಗಳನ್ನು ಬರೆಯುವುದು ನಾಲ್ಕನೆಯದು. ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಐ.ಟಿ. ಎಂದೊಡನೆ ನಾಲ್ಕನೆಯದನ್ನು ಮಾತ್ರ ನೆನೆಯುತ್ತಾರೆ. ವಾಸ್ತವವಾಗಿ ಮೊದಲ ಮೂರು ಬಾಗಿಲುಗಳಿಂದ ಒಳಹೊಕ್ಕು ಮುಂದೆ ಮೇಲೇರಿದವರು ಅಸಂಖ್ಯಾತರು. ಈ ನಾಲ್ಕು ಕೆಲಸಗಳಲ್ಲಿಯೂ ಸಮಾನವಾದ ಗುಣವೊಂದಿದೆ. ಅದು ದೋಷವನ್ನು ಕ್ರಮವಾಗಿ ಹುಡುಕುವ ಅಭ್ಯಾಸ. ಅದನ್ನು ಉದಾಹರಣೆಯ ಮೂಲಕವೇ ನೋಡುವುದು ಒಳ್ಳೆಯದು.

ಒಂದು ದೋಷದ ಶೋಧನೆ

ಹಳ್ಳಿಯ ಸಹಕಾರ ಸಂಘವೊಂದರ ಗಣಕಯಂತ್ರ ಇದ್ದಕ್ಕಿದ್ದಂತೆ ಇಂಟರ್‌ನೆಟ್ಟಿಗೆ ಹೋಗದಾಯಿತೆಂದು ಭಾವಿಸೋಣ. ಸಾಲದ ಲೆಕ್ಕ ಏರಿಸಬೇಕು. ರೈತರು ಹೊರಗೆ ಕಾದಿದ್ದಾರೆ. ತಿಳಿಯದವನು ಯಂತ್ರವನ್ನು ಆರಿಸಿ ಹೊತ್ತಿಸುತ್ತಾನೆ. ಅದು ಫಲಿಸದಿದ್ದರೆ ಕೈಚೆಲ್ಲುತ್ತಾನೆ. ಕ್ರಮ ಬಲ್ಲವನು ಮೊದಲು ತಂತಿಯ ತುದಿಯ ಸಣ್ಣ ದೀಪ ಉರಿಯುತ್ತಿದೆಯೆ ಎಂದು ನೋಡುತ್ತಾನೆ. ದೀಪವಿಲ್ಲದಿದ್ದರೆ ದೋಷವು ತಂತಿಯಲ್ಲಿ ಅಥವಾ ಅದನ್ನು ಸಿಕ್ಕಿಸುವ ಕಿಂಡಿಯಲ್ಲಿದೆ. ತಂತ್ರಾಂಶವನ್ನು ದೂಷಿಸಿ ಫಲವಿಲ್ಲ.

ದೀಪ ಉರಿಯುತ್ತಿದ್ದರೆ ಎರಡನೆಯ ಹೆಜ್ಜೆ. ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ಅಂಕಿಗಳಿಂದಾದ ಒಂದು ವಿಳಾಸವಿರುತ್ತದೆ. ಸಾಧಾರಣವಾಗಿ ಈ ವಿಳಾಸವನ್ನು ರೂಟರ್ ಎಂಬ ಉಪಕರಣವು ತಾನೇ ಹಂಚುತ್ತದೆ. ವಿಂಡೋಸ್ ಯಂತ್ರದಲ್ಲಿ ಐಪಿಕಾನ್‌ಫಿಗ್ ಎಂಬ ಆದೇಶವನ್ನು ಕೊಟ್ಟರೆ ವಿಳಾಸವು ಕಾಣುತ್ತದೆ. ಅದು 169.254 ಎಂದು ಆರಂಭವಾಗಿದ್ದರೆ ಅರ್ಥ ಸ್ಪಷ್ಟ: ವಿಳಾಸ ಕೊಡುವವರು ಯಾರೂ ಉತ್ತರಿಸದಿದ್ದುದರಿಂದ ಯಂತ್ರವು ತನಗೆ ತಾನೇ ಒಂದು ವಿಳಾಸವನ್ನು ಇಟ್ಟುಕೊಂಡಿದೆ. ಆಗ ವಿಳಾಸ ಹಂಚುವ ವ್ಯವಸ್ಥೆಯನ್ನೂ ಅಲ್ಲಿಯವರೆಗಿನ ದಾರಿಯನ್ನೂ ಪರೀಕ್ಷಿಸಬೇಕು.

ವಿಳಾಸ ಸರಿಯಾಗಿದ್ದರೆ ಮೂರನೆಯ ಹೆಜ್ಜೆ. ಪಿಂಗ್ ಎಂಬ ಆದೇಶದಿಂದ ರೂಟರನ್ನು ಕೂಗಬೇಕು. ಅದು ಓಗೊಟ್ಟರೆ ಸಂಘದ ಒಳಗಣ ದಾರಿ ಚೆನ್ನಾಗಿದೆ. ಅನಂತರ ಹೊರಗಿನ ಯಾವುದಾದರೂ ಪ್ರಸಿದ್ಧ ಯಂತ್ರವನ್ನು ಅದರ ಅಂಕಿಯ ವಿಳಾಸದಿಂದ ಕೂಗಬೇಕು. ಅದೂ ಓಗೊಟ್ಟು, ಹೆಸರಿನಿಂದ ಕರೆದಾಗ ಮಾತ್ರ ಉತ್ತರ ಬಾರದಿದ್ದರೆ ದೋಷವು ಹೆಸರನ್ನು ಅಂಕಿಗೆ ತಿರುಗಿಸಿಕೊಡುವ ಡಿ.ಎನ್.ಎಸ್. ವ್ಯವಸ್ಥೆಯಲ್ಲಿದೆ ಎಂದು ಊಹಿಸಲು ಬಲವಾದ ಆಧಾರ ದೊರೆಯಿತು. ಊರಿನ ದಾರಿ ತೆರೆದಿದೆ; ಆದರೆ ಮನೆಯ ಹೆಸರು ಹೇಳಿದರೆ ಯಾವ ಬೀದಿಯೆಂದು ತಿಳಿಸುವವನು ಇಲ್ಲ, ಅಷ್ಟೆ.

ವಾಚಕರು ಗಮನಿಸಿರಬಹುದು: ಇಲ್ಲಿ ಪ್ರತಿ ಹೆಜ್ಜೆಯೂ ಒಂದು ಪ್ರಯೋಗ. ಪ್ರತಿ ಪ್ರಯೋಗವೂ ಸಂದೇಹದ ಕ್ಷೇತ್ರವನ್ನು ಕುಗ್ಗಿಸುತ್ತದೆ. ಪಿಂಗ್ ಎಂದರೇನು ಎಂಬ ಪ್ರಶ್ನೆಗೆ ಉತ್ತರವನ್ನು ಒಂದು ಸಂಜೆಯಲ್ಲಿ ಕಂಠಪಾಠ ಮಾಡಬಹುದು. ಆದರೆ ಯಾವ ಪರೀಕ್ಷೆಯನ್ನು ಯಾವುದರ ಅನಂತರ ಮಾಡಬೇಕು, ಉತ್ತರವನ್ನು ಹೇಗೆ ಅರ್ಥಮಾಡಿಕೊಳ್ಳಬೇಕು, ಹೊರಗೆ ಕಾದಿರುವ ಹತ್ತು ಮಂದಿಯ ಮುಂದೆ ಗಾಬರಿಗೊಳ್ಳದೆ ಹೇಗಿರಬೇಕು ಎಂಬುದು ಹಲವು ದೋಷಗಳನ್ನು ಕೈಯಾರೆ ಸರಿಪಡಿಸಿದವನಿಗೆ ಮಾತ್ರ ಬರುತ್ತದೆ.

ಪ್ರಮಾಣಪತ್ರಗಳ ಬಗೆಗಳು

ಐ.ಟಿ. ಪ್ರಮಾಣಪತ್ರಗಳ ಇತಿಹಾಸ ದೀರ್ಘವಾದುದಲ್ಲ. 1980ರ ದಶಕದ ಕೊನೆಯ ಹೊತ್ತಿಗೆ ಕಚೇರಿಗಳಲ್ಲಿ ಗಣಕಜಾಲಗಳು ಹರಡಿದಾಗ ಅವನ್ನು ನೋಡಿಕೊಳ್ಳಬಲ್ಲವರು ಯಾರೆಂದು ತಿಳಿಯುವುದು ಕಷ್ಟವಾಯಿತು. ವಿಶ್ವವಿದ್ಯಾನಿಲಯಗಳ ಪಠ್ಯವು ಅಷ್ಟು ಬೇಗ ಬದಲಾಗುತ್ತಿರಲಿಲ್ಲ. ಅಮೆರಿಕದ ನೊವೆಲ್ ಕಂಪನಿಯು ತನ್ನ ಜಾಲವ್ಯವಸ್ಥೆಯನ್ನು ಬಲ್ಲವರಿಗೆ ತಾನೇ ಪರೀಕ್ಷೆ ನಡೆಸಿ ಪತ್ರ ಕೊಡಲಾರಂಭಿಸಿತು. ಯಾವ ಒಂದು ಕಂಪನಿಗೂ ಸೇರದ ಕಾಂಪ್‌ಟಿಯಾ ಎಂಬ ಸಂಘವು 1993ರಲ್ಲಿ ಎ ಪ್ಲಸ್ ಎಂಬ ಪರೀಕ್ಷೆಯನ್ನು ಹೊರತಂದಿತು. ಗಣಕಯಂತ್ರದ ದುರಸ್ತಿ ಮತ್ತು ಸಹಾಯಕೇಂದ್ರದ ಕೆಲಸಕ್ಕೆ ಇಂದಿಗೂ ಇದು ಹೆಸರಾದುದು. 1998ರಲ್ಲಿ ಸಿಸ್ಕೋ ಕಂಪನಿಯ ಸಿ.ಸಿ.ಎನ್.ಎ. ಬಂದಿತು, ಜಾಲಗಳ ವಿಭಾಗದಲ್ಲಿ ಪ್ರವೇಶ ಬಯಸುವವರು ಸಾಮಾನ್ಯವಾಗಿ ಕಟ್ಟುವ ಪರೀಕ್ಷೆ ಇದು.

ಈ ಪರೀಕ್ಷೆಗಳನ್ನು ಅವುಗಳ ಸ್ವರೂಪದಿಂದ ಎರಡು ಪಂಗಡಗಳಾಗಿ ವಿಭಾಗಿಸಬಹುದು. ಕೊಟ್ಟ ಉತ್ತರಗಳಲ್ಲಿ ಸರಿಯಾದುದನ್ನು ಗುರುತುಮಾಡುವುದೇ ಮುಖ್ಯವಾಗಿರುವ ಪರೀಕ್ಷೆಗಳು ಒಂದು ಪಂಗಡ. ಕೈಯಿಂದ ಮಾಡಿ ತೋರಿಸಬೇಕಾದವು ಇನ್ನೊಂದು. ಎರಡನೆಯದಕ್ಕೆ ರೆಡ್ ಹ್ಯಾಟ್ ಕಂಪನಿಯ ಆರ್.ಹೆಚ್.ಸಿ.ಎಸ್.ಎ. ಒಳ್ಳೆಯ ಉದಾಹರಣೆ. ಇಲ್ಲಿ ಅಭ್ಯರ್ಥಿಯ ಮುಂದೆ ಲಿನಕ್ಸ್ ವ್ಯವಸ್ಥೆಯುಳ್ಳ ಯಂತ್ರವನ್ನಿಟ್ಟು, ಬಳಕೆದಾರರನ್ನು ಸೇರಿಸು, ಕಡತಗಳ ಅನುಮತಿಯನ್ನು ಬದಲಾಯಿಸು, ಸಂಗ್ರಹದ ಜಾಗವನ್ನು ಹಂಚು ಎಂದು ಕೆಲಸಗಳನ್ನೇ ಕೊಡುತ್ತಾರೆ. ಗುರುತುಮಾಡಲು ಉತ್ತರಗಳ ಪಟ್ಟಿಯಿಲ್ಲ. ಯಂತ್ರವು ಸರಿಯಾಗಿ ನಡೆದರೆ ಅಂಕ, ನಡೆಯದಿದ್ದರೆ ಇಲ್ಲ. ಪ್ರಯೋಗಾಲಯದ ಪರೀಕ್ಷೆಗೂ ಬಾಯಿಪಾಠದ ಪರೀಕ್ಷೆಗೂ ಇರುವ ಅಂತರವೇ ಇಲ್ಲಿಯೂ ಇದೆ.

ವಿದೇಶೀ ಪರೀಕ್ಷೆಗಳ ವಿಷಯದಲ್ಲಿ ಎರಡು ಸಂಗತಿಗಳನ್ನು ಮರೆಯಬಾರದು. ಮೊದಲನೆಯದಾಗಿ, ಎ ಪ್ಲಸ್, ಸಿ.ಸಿ.ಎನ್.ಎ., ಆರ್.ಹೆಚ್.ಸಿ.ಎಸ್.ಎ. ಈ ಮೂರೂ ಪತ್ರಗಳ ಆಯುಷ್ಯ ಮೂರು ವರ್ಷ. ಅವಧಿ ತೀರುವುದರೊಳಗೆ ನವೀಕರಿಸಬೇಕು. ಎರಡನೆಯದಾಗಿ, ಶುಲ್ಕ. ಸಿ.ಸಿ.ಎನ್.ಎ. ಪರೀಕ್ಷೆಯೊಂದಕ್ಕೇ ಇಪ್ಪತ್ತು ಸಾವಿರ ರೂಪಾಯಿಗೆ ಮೀರಿದ ವೆಚ್ಚ ಬರುತ್ತದೆ. ತರಬೇತಿಯ ಖರ್ಚು ಇದಕ್ಕೆ ಹೊರತಾದುದು. ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ಪುನಃ ಹಣ ಕಟ್ಟಬೇಕು.

ನಮ್ಮ ದೇಶದಲ್ಲಿಯೇ ಕಡಿಮೆ ವೆಚ್ಚದ ಮಾರ್ಗಗಳಿವೆ. ಕೇಂದ್ರ ಸರ್ಕಾರದ ನೀಲಿಟ್ ಸಂಸ್ಥೆಯು 1994ರಲ್ಲಿ ಡೋಯೆಕ್ ಎಂಬ ಹೆಸರಿನಿಂದ ಸ್ಥಾಪಿತವಾಯಿತು. ಅದರ 'ಓ' ಹಂತದ ಪರೀಕ್ಷೆಯಲ್ಲಿ ನಾಲ್ಕು ವಿಷಯಗಳೂ ಪ್ರಾಯೋಗಿಕ ಪರೀಕ್ಷೆಯೂ ಒಂದು ಯೋಜನಾಕಾರ್ಯವೂ ಇವೆ. ಐ.ಐ.ಟಿ.ಗಳೂ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್.ಪಿ.ಟಿ.ಇ.ಎಲ್. ಪಾಠಗಳನ್ನು ಯಾರಾದರೂ ಉಚಿತವಾಗಿ ಕೇಳಬಹುದು. ಪ್ರಮಾಣಪತ್ರ ಬೇಕಾದವರು ಮಾತ್ರ ಸಣ್ಣ ಶುಲ್ಕ ಕಟ್ಟಿ ಗೊತ್ತಾದ ಕೇಂದ್ರದಲ್ಲಿ ಕುಳಿತು ಪರೀಕ್ಷೆ ಬರೆಯಬೇಕು. ವಾರವಾರದ ಅಭ್ಯಾಸಗಳಿಗೆ 25, ಕೊನೆಯ ಪರೀಕ್ಷೆಗೆ 75 ಎಂದು ಅಂಕಗಳ ಹಂಚಿಕೆ. 1976ರಲ್ಲಿ ಸ್ಥಾಪಿತವಾದ ರಾಜ್ಯದ ಕಿಯೋನಿಕ್ಸ್ ಸಂಸ್ಥೆಯ ತರಬೇತಿಯು ಜಿಲ್ಲೆ ತಾಲ್ಲೂಕುಗಳಲ್ಲಿ ಬಹಳ ಕಾಲದಿಂದ ಪರಿಚಿತ. ಕಚೇರಿಯ ಗಣಕಬಳಕೆಗೆ ಅದು ಸಾಕಾಗಬಹುದು, ಆದರೆ ಐ.ಟಿ. ವೃತ್ತಿಗೆ ಅದೊಂದೇ ಸಾಲದು.

ಇನ್ನು, ಪಾಠವನ್ನು ನೋಡಿ ಮುಗಿಸಿದ ಮಾತ್ರಕ್ಕೆ ದೊರೆಯುವ ಪತ್ರಗಳೂ ಈಗ ಹೇರಳವಾಗಿವೆ. ಪಾಠ ಕೇಳುವುದರಿಂದ ಲಾಭವುಂಟು. ಆದರೆ ಮೇಲ್ವಿಚಾರಣೆಯಿಲ್ಲದೆ ಮನೆಯಲ್ಲೇ ಪಡೆದ ಹತ್ತು ಪತ್ರಗಳಿಗಿಂತ, ಪರೀಕ್ಷಾಕೇಂದ್ರದಲ್ಲಿ ಕುಳಿತು ಪಡೆದ ಒಂದಕ್ಕೆ ಬೆಲೆ ಹೆಚ್ಚು. ಕಾರಣ ಸರಳವಾಗಿದೆ. ಯಾವ ಅಳತೆಯ ಬೆಲೆಯೂ ಅಳೆದ ಸಾಧನದ ನಂಬಿಕೆಯನ್ನು ಅವಲಂಬಿಸಿರುತ್ತದೆ.

ಕೆಲಸದ ಜೊತೆಯಲ್ಲಿ ಕಲಿಕೆ

ಪ್ರಮಾಣಪತ್ರವು ಒಂದು ದಿನದ ಅಳತೆ. ಒಂದು ವರ್ಷದ ಉದ್ದಕ್ಕೂ ಕೆಲಸದ ನಡುವೆಯೇ ಕಲಿಯುವ ಪದ್ಧತಿ ಇನ್ನೊಂದಿದೆ. ಅದೇ ಅಪ್ರೆಂಟಿಸ್ ಪದ್ಧತಿ. ಸರ್ಕಾರದ ಕಾಗದಪತ್ರಗಳಲ್ಲಿ ಅಪ್ರೆಂಟಿಸನಿಗೆ ಶಿಶಿಕ್ಷು ಎಂಬ ಹೆಸರೂ ಉಂಟು.

ಈ ಪದ್ಧತಿ ನಮಗೆ ಹೊಸದೇನೂ ಅಲ್ಲ. ಕಲ್ಲುಕುಟಿಗನ ಮಗ ಉಳಿ ಹಿಡಿಯುವ ಮೊದಲು ಉಳಿಗೆ ಸಾಣೆ ಹಿಡಿಯುವುದನ್ನು ಕಲಿಯುತ್ತಿದ್ದ. ಹಿಂದಿನ ಕಾಲದ ಕಚೇರಿಗಳಲ್ಲಿ ಉಮೇದುವಾರಿ ಎಂಬ ಕ್ರಮವಿತ್ತು. ತರುಣನು ಸಂಬಳವಿಲ್ಲದೆ ಕುಳಿತು ದಫ್ತರುಗಳನ್ನು ನಕಲು ಮಾಡುತ್ತ, ಜಾಗ ಖಾಲಿಯಾಗುವುದನ್ನು ಕಾಯುತ್ತಿದ್ದ. ಕೆಲಸ ಬರುತ್ತಿತ್ತು, ಆದರೆ ಅವನ ಹಕ್ಕಿಗೆ ಯಾವ ಕಾನೂನಿನ ಆಧಾರವೂ ಇರಲಿಲ್ಲ. ಬೆಂಗಳೂರಿನಲ್ಲಿ 1940ರಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ, 1948ರಲ್ಲಿ ಟೆಲಿಫೋನ್ ಕಾರ್ಖಾನೆ, 1953ರಲ್ಲಿ ಹೆಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾದ ಮೇಲೆ ನುರಿತ ಕೈಗಳ ಅಗತ್ಯ ಹೆಚ್ಚಿತು. ದೇಶದಾದ್ಯಂತ ಇದ್ದ ಇಂಥ ಅಗತ್ಯವನ್ನು ಮನಗಂಡು ಸಂಸತ್ತು 1961ರಲ್ಲಿ ಅಪ್ರೆಂಟಿಸ್ ಕಾಯಿದೆಯನ್ನು ಮಾಡಿತು. ಮೊದಲು ಅದು ಕಾರ್ಖಾನೆಯ ಕಸಬುಗಳಿಗೆ ಮೀಸಲಾಗಿತ್ತು. 1973ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಪಡೆದವರೂ, 2014ರ ತಿದ್ದುಪಡಿಯಿಂದ ಬಿ.ಎ., ಬಿ.ಕಾಂ. ಮೊದಲಾದ ಇತರ ಪದವೀಧರರೂ ಅದರ ವ್ಯಾಪ್ತಿಗೆ ಬಂದರು. ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆಯು ತನ್ನ ಸಿಬ್ಬಂದಿಯ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕೆಂಬುದು ಈಗಿನ ನಿಯಮ. ಐ.ಟಿ. ಕಂಪನಿಗಳಿಗೂ ಇದು ಅನ್ವಯಿಸುತ್ತದೆ.

ಹಳೆಯ ಉಮೇದುವಾರಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ ಲಿಖಿತ ಒಪ್ಪಂದ ಮತ್ತು ವೇತನ. 2019ರ ನಿಯಮಗಳಂತೆ ತಿಂಗಳಿಗೆ ಕನಿಷ್ಠ ವೇತನವು ಹತ್ತನೆಯ ತರಗತಿ ಮುಗಿಸಿದವರಿಗೆ 6,000, ಐ.ಟಿ.ಐ. ಪ್ರಮಾಣಪತ್ರ ಪಡೆದವರಿಗೆ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000 ರೂಪಾಯಿ ಎಂದು ಗೊತ್ತಾಯಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್ ಮಂಡಲಿಯು ಇದನ್ನು ಶೇಕಡಾ 36ರಷ್ಟು ಹೆಚ್ಚಿಸಬೇಕೆಂದು ಶಿಫಾರಸು ಮಾಡಿತು. ಆದುದರಿಂದ ಒಪ್ಪಂದಕ್ಕೆ ಸಹಿ ಹಾಕುವ ದಿನ ಜಾರಿಯಲ್ಲಿರುವ ಮೊತ್ತವನ್ನು ವಿಚಾರಿಸಿ ತಿಳಿಯತಕ್ಕದ್ದು. ಇವು ಕನಿಷ್ಠ ಮೊತ್ತಗಳು. ಹೆಚ್ಚು ಕೊಡಲು ಅಡ್ಡಿಯಿಲ್ಲ.

ನಮ್ಮ ಜಿಲ್ಲೆಯ ವಿದ್ಯಾರ್ಥಿಗಳಿಗೆ ಇಲ್ಲಿ ಎರಡು ದಾರಿಗಳಿವೆ. ಎಸ್.ಎಸ್.ಎಲ್.ಸಿ. ತೇರ್ಗಡೆಯಾದವರು ಐ.ಟಿ.ಐ.ಯಲ್ಲಿ ಕೋಪಾ ಎಂಬ ಒಂದು ವರ್ಷದ ಶಿಕ್ಷಣಕ್ಕೆ ಸೇರಬಹುದು. ಕಂಪ್ಯೂಟರ್ ಆಪರೇಟರ್ ಅಂಡ್ ಪ್ರೋಗ್ರಾಮಿಂಗ್ ಅಸಿಸ್ಟೆಂಟ್ ಎಂಬುದು ಅದರ ಪೂರ್ಣ ಹೆಸರು. ಇದರ ಅಂತ್ಯದಲ್ಲಿ ಅಖಿಲ ಭಾರತ ಮಟ್ಟದ ಪರೀಕ್ಷೆಯೂ ರಾಷ್ಟ್ರೀಯ ಕಸಬಿನ ಪ್ರಮಾಣಪತ್ರವೂ ಉಂಟು. ಅನಂತರ ಅಪ್ರೆಂಟಿಸರಾಗಿ ಅವಧಿ ಮುಗಿಸಿ ಪರೀಕ್ಷೆಯಲ್ಲಿ ಗೆದ್ದವರಿಗೆ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ ದೊರೆಯುತ್ತದೆ. ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್, ಕೆಲವು ರಕ್ಷಣಾ ಪ್ರಯೋಗಾಲಯಗಳು ಮೊದಲಾದ ಸಾರ್ವಜನಿಕ ಸಂಸ್ಥೆಗಳು ಕೋಪಾ ಓದಿದವರನ್ನು ಅಪ್ರೆಂಟಿಸರಾಗಿ ತೆಗೆದುಕೊಳ್ಳುವುದುಂಟು.

ಎರಡನೆಯದು ಡಿಪ್ಲೊಮಾ ಮತ್ತು ಪದವಿ ಪಡೆದವರ ದಾರಿ. ಚಿತ್ರದುರ್ಗದ ಎಸ್.ಜೆ.ಎಂ. ತಾಂತ್ರಿಕ ವಿದ್ಯಾಲಯ, ಚಳ್ಳಕೆರೆಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಮೊದಲಾದೆಡೆ ಓದಿದವರಿಗೂ ಬಿ.ಎಸ್‌ಸಿ., ಬಿ.ಸಿ.ಎ. ಪದವೀಧರರಿಗೂ ನ್ಯಾಟ್ಸ್ ಎಂಬ ರಾಷ್ಟ್ರೀಯ ಯೋಜನೆಯಿದೆ. ಇಲ್ಲಿ ಕನಿಷ್ಠ ವೇತನದ ಅರ್ಧವನ್ನು ಕೇಂದ್ರ ಸರ್ಕಾರವು ಭರಿಸುತ್ತದೆ. ದಕ್ಷಿಣ ರಾಜ್ಯಗಳಿಗೆ ಇದರ ಕಚೇರಿ ಚೆನ್ನೈಯಲ್ಲಿದೆ. ಪದವಿ ಪಡೆದು ಐದು ವರ್ಷ ಮೀರಿರಬಾರದು, ಹಿಂದೆ ಒಂದು ವರ್ಷದ ಕೆಲಸದ ಅನುಭವ ಇರಬಾರದು ಎಂಬುವು ಮುಖ್ಯ ಷರತ್ತುಗಳು. "ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ" ಎಂದು ಕೊರಗುವ ತರುಣರು ಈ ಎರಡನೆಯ ಷರತ್ತನ್ನು ಲಕ್ಷ್ಯವಿಟ್ಟು ಓದಬೇಕು. ಅನುಭವವಿಲ್ಲದಿರುವುದೇ ಇಲ್ಲಿ ಅರ್ಹತೆ.

ಖಾಸಗಿ ಕಂಪನಿಗಳಲ್ಲಿಯೂ ಕೆಲಸದೊಡನೆ ಕಲಿಸುವ ಕ್ರಮಗಳಿವೆ. ವಿಪ್ರೋ ಕಂಪನಿಯು ಬಿ.ಎಸ್‌ಸಿ., ಬಿ.ಸಿ.ಎ. ಪದವೀಧರರನ್ನು ತೆಗೆದುಕೊಂಡು, ಕೆಲಸ ಮಾಡುತ್ತಲೇ ಎಂ.ಟೆಕ್. ಓದುವ ಅವಕಾಶ ಕೊಡುವ ಯೋಜನೆಯನ್ನು ನಡೆಸಿಕೊಂಡು ಬಂದಿದೆ. ಹೆಚ್.ಸಿ.ಎಲ್. ಕಂಪನಿಯ ಟೆಕ್‌ಬೀ ಎಂಬುದು ಗಣಿತ ಓದಿ ಪಿ.ಯು.ಸಿ. ಮುಗಿಸಿದವರಿಗಾಗಿ ಏರ್ಪಟ್ಟಿದ್ದು. ಇಂಥ ಯೋಜನೆಗಳಲ್ಲಿ ಇಂತಿಷ್ಟು ವರ್ಷ ಬಿಟ್ಟುಹೋಗಬಾರದೆಂಬ ಕರಾರು ಇರುವುದುಂಟು, ಕೆಲವೆಡೆ ತರಬೇತಿಗೆ ಶುಲ್ಕವೂ ಉಂಟು. ಇವೆಲ್ಲವನ್ನೂ ಮೊದಲೇ ಓದಿ ತೂಗಿನೋಡಬೇಕು.

ಪ್ರಮಾಣಪತ್ರ ಮತ್ತು ಅಪ್ರೆಂಟಿಸ್ ಪದ್ಧತಿಗಳನ್ನು ಬೇರ್ಪಡಿಸದೆ ಒಂದುಗೂಡಿಸಿದ ದೇಶ ಜರ್ಮನಿ. ಅಲ್ಲಿ 1997ರಲ್ಲಿ ಫಾಖ್‌ಇನ್‌ಫೊರ್ಮಾಟಿಕರ್ ಎಂಬ ಐ.ಟಿ. ಕಸಬನ್ನು ವಿಧ್ಯುಕ್ತವಾಗಿ ಸ್ಥಾಪಿಸಿದರು. ಮೂರು ವರ್ಷಗಳ ಈ ಶಿಕ್ಷಣದಲ್ಲಿ ತರುಣನು ವಾರದ ಕೆಲವು ದಿನ ಕಂಪನಿಯಲ್ಲಿಯೂ ಉಳಿದ ದಿನ ವೃತ್ತಿಶಾಲೆಯಲ್ಲಿಯೂ, ಇಲ್ಲವೆ ಕೆಲವು ವಾರ ಅಲ್ಲಿ ಕೆಲವು ವಾರ ಇಲ್ಲಿ ಎಂಬಂತೆ, ಕಲಿಯುತ್ತಾನೆ. ಕೊನೆಯ ಪರೀಕ್ಷೆಯನ್ನು ನಡೆಸುವುದು ಕಂಪನಿಯೂ ಅಲ್ಲ, ಶಾಲೆಯೂ ಅಲ್ಲ, ವಾಣಿಜ್ಯ ಮಂಡಲಿ. ಕಲಿಸಿದವನೇ ಅಳೆಯಬಾರದೆಂಬ ತತ್ತ್ವ ಇದರಲ್ಲಿ ಅಡಗಿದೆ.

ಎರಡರ ಗುಣದೋಷ

ಎರಡು ಮಾರ್ಗಗಳಿಗೂ ಗುಣದೋಷಗಳಿವೆ. ಪ್ರಮಾಣಪತ್ರವು ಊರಿಂದೂರಿಗೆ ಒಯ್ಯಬಹುದಾದ ವಸ್ತು. ಹಿರಿಯೂರಿನಲ್ಲಿ ಓದಿ ಪಡೆದದ್ದನ್ನು ಹೈದರಾಬಾದಿನವನೂ ಗುರುತಿಸುತ್ತಾನೆ. ಆದರೆ ಅದು ಹೇಳುವುದು ತಿಳಿವಳಿಕೆಯ ಮಟ್ಟವನ್ನು ಮಾತ್ರ. ಅಪ್ರೆಂಟಿಸ್ ಪದ್ಧತಿಯಿಂದ ಕೈ ಪಳಗುತ್ತದೆ. ಹಿರಿಯರೊಡನೆ ನಡೆದುಕೊಳ್ಳುವ ರೀತಿ, ವರದಿ ಬರೆಯುವ ಕ್ರಮ, ವೇಳೆಯ ಶಿಸ್ತು ಬರುತ್ತವೆ. ಆದರೆ ಕಲಿಕೆ ಆ ಒಂದು ಸಂಸ್ಥೆಯ ಕ್ರಮಕ್ಕೆ ಸೀಮಿತವಾಗಬಹುದು. ಕಾಯಿದೆಯ ಪ್ರಕಾರ ಅಪ್ರೆಂಟಿಸನು ಕಲಿಯುವವನೇ ಹೊರತು ನೌಕರನಲ್ಲ. ಅವಧಿ ಮುಗಿದ ಮೇಲೆ ಕಾಯಂ ಕೆಲಸ ಕೊಡಲೇಬೇಕೆಂಬ ಬಂಧನ ಸಾಮಾನ್ಯವಾಗಿ ಸಂಸ್ಥೆಗೆ ಇಲ್ಲ. ಅಲ್ಲದೆ ಒಂಬತ್ತು ಸಾವಿರ ರೂಪಾಯಿಯಲ್ಲಿ ಬೆಂಗಳೂರಿನ ಬಾಡಿಗೆ ಊಟ ಎರಡನ್ನೂ ತೂಗಿಸುವುದು ಸುಲಭವಲ್ಲ.

ಆದುದರಿಂದ ಇವೆರಡರಲ್ಲಿ ಯಾವುದು ಮೇಲು ಎಂಬ ಚರ್ಚೆಗಿಂತ ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬುವುದು ಜಾಣತನ. ವಿಜ್ಞಾನದಲ್ಲಿ ಒಂದು ಪರಿಮಾಣವನ್ನು ಎರಡು ಬೇರೆ ಬೇರೆ ವಿಧಾನಗಳಿಂದ ಅಳೆದು ಒಂದೇ ಉತ್ತರ ಬಂದರೆ ನಮಗೆ ಧೈರ್ಯ ಹೆಚ್ಚುತ್ತದೆಯಷ್ಟೆ. ಸಂದರ್ಶನ ಮಾಡುವವನ ಮನಸ್ಸೂ ಹಾಗೆಯೇ ನಡೆಯುತ್ತದೆ.

ಕೆಲವು ಎಚ್ಚರಿಕೆಗಳು

ಆತುರವಿರುವಲ್ಲಿ ಮೋಸವೂ ಇರುತ್ತದೆ. "ನೂರಕ್ಕೆ ನೂರು ಕೆಲಸ ಖಾತರಿ" ಎಂದು ಹೇಳಿ ದೊಡ್ಡ ಮೊತ್ತ ಕಟ್ಟಿಸಿಕೊಳ್ಳುವ ತರಬೇತಿ ಕೇಂದ್ರದ ಖಾತರಿಯನ್ನು ಬರಹದಲ್ಲಿ ಕೊಡಿರೆಂದು ಕೇಳಿನೋಡಬೇಕು. ಉತ್ತರ ಬದಲಾಗುವುದನ್ನು ನಾವು ಕಂಡಿದ್ದೇವೆ. ಕಾಯಿದೆಯ ಮೇರೆಗೆ ನಡೆಯುವ ಅಪ್ರೆಂಟಿಸ್ ತರಬೇತಿಯಲ್ಲಿ ಹಣವು ಸಂಸ್ಥೆಯಿಂದ ಕಲಿಯುವವನಿಗೆ ಬರಬೇಕು, ಕಲಿಯುವವನಿಂದ ಸಂಸ್ಥೆಗೆ ಹೋಗಬಾರದು. ನೀರು ಏರುಮುಖವಾಗಿ ಹರಿಯತೊಡಗಿದರೆ ಎಲ್ಲಿಯೋ ಪಂಪು ಇದೆಯೆಂದು ಅರ್ಥ. ಒಪ್ಪಂದವು ಸರ್ಕಾರದ ಜಾಲತಾಣದಲ್ಲಿ ನೋಂದಣಿಯಾಗಿದೆಯೆ ಎಂದು ನೋಡಬೇಕು. ಮೂಲ ಅಂಕಪಟ್ಟಿಗಳನ್ನು ಯಾರಿಗೂ ಒತ್ತೆಯಾಗಿ ಕೊಡಬಾರದು. ಪರೀಕ್ಷೆಯ ಪ್ರಶ್ನೆಗಳನ್ನೇ ಕದ್ದು ಮಾರುವವರಿಂದ ಕೊಂಡು ಬಾಯಿಪಾಠ ಮಾಡಿದರೆ ಪತ್ರ ಬರಬಹುದು. ಸಿಕ್ಕಿಬಿದ್ದರೆ ಅದು ರದ್ದಾಗುತ್ತದೆ, ಸಿಕ್ಕಿಬೀಳದಿದ್ದರೂ ಮೊದಲ ದೋಷದ ಮುಂದೆ ನಿಂತಾಗ ಬಣ್ಣ ಬಯಲಾಗುತ್ತದೆ.

ಎಲ್ಲಿಂದ ಆರಂಭಿಸಬೇಕು?

ಮಾರಿಕಣಿವೆಯ ಸುತ್ತಿನ ವಿದ್ಯಾರ್ಥಿಯು ಮೊದಲ ಹೆಜ್ಜೆಗಾಗಿ ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ. ಗ್ರಾಮ ಪಂಚಾಯಿತಿಗಳಿಗೆ ಭಾರತ್‌ನೆಟ್ ಯೋಜನೆಯ ಗಾಜಿನೆಳೆಯ ತಂತಿಗಳನ್ನು ಎಳೆಯಲಾಗಿದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಗಣಕಯಂತ್ರಗಳನ್ನು ಒದಗಿಸುವ ಯೋಜನೆಗೆ ಕೇಂದ್ರ ಸರ್ಕಾರವು 2022ರಲ್ಲಿ ಒಪ್ಪಿಗೆ ಕೊಟ್ಟಿತು. ಶಾಲೆ, ಸಂಘ, ಪಂಚಾಯಿತಿ, ಅಂಗಡಿ ಎಲ್ಲೆಲ್ಲಿಯೂ ಯಂತ್ರಗಳಿವೆ. ಎಲ್ಲೆಲ್ಲಿಯೂ ಅವು ಕೆಡುತ್ತವೆ. ಇದೇ ನಮ್ಮ ಪ್ರಯೋಗಾಲಯ.

ವಿದ್ಯಾರ್ಥಿಮಿತ್ರರು ಒಂದು ದಪ್ಪ ನೋಟ್‌ಬುಕ್ ಇಟ್ಟುಕೊಳ್ಳಲಿ. ಸಂಬಂಧಪಟ್ಟವರ ಒಪ್ಪಿಗೆ ಪಡೆದು ಸರಿಪಡಿಸಿದ ಪ್ರತಿಯೊಂದು ದೋಷವನ್ನೂ ಅದರಲ್ಲಿ ಪ್ರಯೋಗದ ದಾಖಲೆಯಂತೆ ಬರೆಯಲಿ: ದಿನಾಂಕ, ಲಕ್ಷಣ, ಮಾಡಿದ ಪರೀಕ್ಷೆಗಳು, ಕಂಡ ಫಲ, ಕೊನೆಗೆ ಗೊತ್ತಾದ ಕಾರಣ. ಪರಿಹಾರ ಸಿಗದ ದೋಷಗಳನ್ನೂ ಬಿಡಬಾರದು. ಐವತ್ತು ಪುಟಗಳ ಇಂಥ ಪುಸ್ತಕವು ಸಂದರ್ಶನದ ಮೇಜಿನ ಮೇಲೆ ಯಾವ ಪ್ರಮಾಣಪತ್ರಕ್ಕೂ ಕಡಿಮೆಯಾಗಿ ತೂಗುವುದಿಲ್ಲ. ಪ್ರೋಗ್ರಾಮು ಬರೆಯುವವರು ತಮ್ಮ ಊರಿಗೆ ಉಪಯೋಗವಾಗುವ ಒಂದು ಸಣ್ಣ ತಂತ್ರಾಂಶವನ್ನು ಆರಂಭದಿಂದ ಅಂತ್ಯದವರೆಗೆ ಪೂರ್ತಿಗೊಳಿಸಲಿ. ಅರ್ಧಕ್ಕೆ ನಿಂತ ಹತ್ತಕ್ಕಿಂತ ನಾಲ್ಕು ಮಂದಿ ನಿಜವಾಗಿ ಬಳಸುತ್ತಿರುವ ಒಂದು ಮೇಲು.

ಇದರೊಡನೆ ಒಂದೇ ಒಂದು ವಿಭಾಗವನ್ನು ಆರಿಸಿಕೊಂಡು, ಉಚಿತ ಪಾಠಗಳಿಂದ ಆರು ತಿಂಗಳು ಓದಿ, ಕೈಗೆ ಧೈರ್ಯ ಬಂದ ಮೇಲೆ ಮಾತ್ರ ಒಂದು ಪರೀಕ್ಷೆಗೆ ಹಣ ಕಟ್ಟಬೇಕು. ಪದವಿಯ ಕೊನೆಯ ವರ್ಷದಲ್ಲಿಯೇ ಅಪ್ರೆಂಟಿಸ್ ಜಾಲತಾಣಗಳನ್ನು ನೋಡುತ್ತಿದ್ದು, ಫಲಿತಾಂಶ ಬಂದೊಡನೆ ಹೆಸರು ನೋಂದಾಯಿಸಬೇಕು. ಅರ್ಹತೆಯ ಐದು ವರ್ಷಗಳು ನಾವೆಣಿಸಿದುದಕ್ಕಿಂತ ಬೇಗ ಕಳೆಯುತ್ತವೆ. ಇಂಗ್ಲಿಷಿನಲ್ಲಿ ಒಂದು ದೋಷವನ್ನು ನಾಲ್ಕು ಸರಳ ವಾಕ್ಯಗಳಲ್ಲಿ ವಿವರಿಸುವುದನ್ನೂ ಅಭ್ಯಾಸ ಮಾಡಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರು ಇದಕ್ಕೆ ಹೆದರುವ ಕಾರಣವಿಲ್ಲ. ವಿಷಯವು ಸ್ಪಷ್ಟವಾಗಿದ್ದರೆ ಸರಳ ಭಾಷೆಯೇ ಸಾಕು.

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ಸಣ್ಣಪುಟ್ಟ ಪ್ರೋಗ್ರಾಮುಗಳನ್ನು ಯಂತ್ರವೇ ಬರೆದುಕೊಡುತ್ತಿದೆ. ಹೊಸಬರು ಮಾಡುತ್ತಿದ್ದ ಕೆಲಸದ ಒಂದು ಭಾಗ ಇದರಿಂದ ಕೈತಪ್ಪುವುದೆಂಬ ಆತಂಕ ನಿರಾಧಾರವಾದುದಲ್ಲ. ಆದರೆ ಯಂತ್ರ ಬರೆದುಕೊಟ್ಟದ್ದು ಸರಿಯೆ ತಪ್ಪೆ ಎಂದು ಪರೀಕ್ಷಿಸುವವನು ಬೇಕು. ಸಂಘದ ಬಾಗಿಲಲ್ಲಿ ರೈತರು ಕಾದಿರುವಾಗ ತಂತಿಯ ದೀಪದಿಂದ ಹಿಡಿದು ಹೆಸರಿನ ವ್ಯವಸ್ಥೆಯವರೆಗೆ ಒಂದೊಂದಾಗಿ ನೋಡಿ ಬರುವವನು ಬೇಕು. ಉತ್ತರಗಳು ಅಗ್ಗವಾದಷ್ಟೂ ಪರೀಕ್ಷಿಸುವ ಬುದ್ಧಿಗೆ ಬೆಲೆ ಏರುತ್ತದೆ.

ಮುಂದಿನ ಬಾರಿ ಯಾರಾದರೂ "ಯಾವ ಸರ್ಟಿಫಿಕೇಟ್ ಮಾಡಲಿ?" ಎಂದು ಕೇಳಿದರೆ, "ಯಾವ ಕೆಲಸವನ್ನು ಮಾಡಿ ನೋಡಿದ್ದೀರಿ?" ಎಂದು ಅವರನ್ನು ಮೊದಲು ಕೇಳಬೇಕು. ಆ ಪ್ರಶ್ನೆಗೆ ಉತ್ತರವಿದ್ದವರಿಗೆ ಪ್ರಮಾಣಪತ್ರವನ್ನು ಆರಿಸುವುದು ಕಷ್ಟವಾಗುವುದಿಲ್ಲ. ಉತ್ತರವಿಲ್ಲದವರು ಹಣ ಕಟ್ಟುವ ಮೊದಲು ನೋಟ್‌ಬುಕ್ಕಿನ ಮೊದಲ ಪುಟವನ್ನು ತುಂಬಲಿ.